ಭಾರನಿಯಮನ

ಭಾಷಾಂತರವನ್ನು ಅಭ್ಯಾಸ ಮಾಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿ ಒಮ್ಮೆಯಾದರೂ ಎದುರಿಸಬೇಕಾದ ಮರಾಠಿ ಶಬ್ದವೊಂದಿದೆ: ‘ಭಾರನಿಯಮನ’. ಕೇಳಿದೊಡನೆ ಯೋಗಶಾಸ್ತ್ರದ ಪರಿಭಾಷೆಯಿರಬೇಕು ಎನಿಸುತ್ತದೆ. ಮಹಾರಾಷ್ಟ್ರದ ವಿದ್ಯುತ್ ಪ್ರಕಟಣೆಗಳಲ್ಲಿ ಅದರ ಅರ್ಥ ಲೋಡ್ ಶೆಡ್ಡಿಂಗ್. 2005ರ ನಂತರದ ಕೆಲವು ವರ್ಷ ಮರಾಠವಾಡದ ಹಳ್ಳಿಗಳಲ್ಲಿ ಇಷ್ಟೊಂದು ಸಂಸ್ಕೃತಮಯವಾದ ಈ ಶಬ್ದವನ್ನು ಅಕ್ಷರ ಬಾರದ ಮುದುಕಿಯರೂ ತಡವರಿಸದೆ ಹೇಳುತ್ತಿದ್ದರು. ದಿನದ ಬಹುಭಾಗ ಅದರ ಆಳ್ವಿಕೆಯಲ್ಲೇ ಕಳೆಯುತ್ತಿತ್ತು. ಜನರೇಟರಿಗೆ ಮಾತ್ರ ಈ ಭಾಗ್ಯ ಒದಗಲಿಲ್ಲ. ಮರಾಠಿಯ ಪಠ್ಯಪುಸ್ತಕ ಅದನ್ನು ‘ಜನಿತ್ರ’ ಎಂದು ಕರೆಯುತ್ತದೆ. ಪಠ್ಯಪುಸ್ತಕ ಒಪ್ಪಿಕೊಂಡ ಶಬ್ದವನ್ನು ಜನ ಒಮ್ಮತದಿಂದ ಕೈಬಿಟ್ಟಿದ್ದಾರೆ. ಉಮರ್ಗಾದ ಪೇಟೆಯಲ್ಲಿ ಅದು ಬರೀ ‘ಮಷೀನು’.

ಆ ಪೇಟೆಯಲ್ಲಿ ಮೋಟಾರುಗಳ ತಾಮ್ರದ ತಂತಿಯನ್ನು ಬಿಚ್ಚಿ ಮತ್ತೆ ಸುತ್ತುವ ಕಸುಬಿನವರೊಬ್ಬರಿದ್ದಾರೆ. ಊರಿಗೆಲ್ಲ ಅವರು ‘ಮೋಟಾರ್ ಕಾಕಾ’. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಲೆಕ್ಕ ಬರೆಯುವಾಗ ಮರಾಠಿ, ಸಿಟ್ಟು ಬಂದಾಗ ಕನ್ನಡ. ಉಮರ್ಗಾ, ನಿಲಂಗಾ, ಉದಗೀರಗಳ ನಡುವೆ ಇಂಥ ಮನೆಗಳು ಅಪರೂಪವಲ್ಲ. ಉದಗೀರ ಮತ್ತು ನಿಲಂಗಾ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯಗಳ ಗೆರೆ ಎಳೆದ ಮೇಲೆ ಕಚೇರಿಗಳು ಆಚೆ ಹೋದವು, ನೆಂಟಸ್ತಿಕೆಗಳು ಇದ್ದಲ್ಲೇ ಉಳಿದವು.

ಕಾಕಾ ಪ್ರತಿ ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವ ಒಂದು ಸಣ್ಣ ದಿಂಡಿಯ ಜೊತೆಗಿರುತ್ತಾರೆ. ಉದಗೀರದ ಬಳಿಯ ಒಂದು ಹಳ್ಳಿಯಿಂದ ಹೊರಡುವ ಆ ದಿಂಡಿ ನಿಲಂಗಾದಲ್ಲಿ ಕೆಲವರನ್ನು, ಕಾಸಾರಸಿರಸಿಯಲ್ಲಿ ಕೆಲವರನ್ನು, ಉಮರ್ಗಾದಲ್ಲಿ ಉಳಿದವರನ್ನು ಕೂಡಿಸಿಕೊಂಡು ಹೆದ್ದಾರಿ ಹಿಡಿಯುತ್ತದೆ. ಭಾಲ್ಕಿ, ಬಸವಕಲ್ಯಾಣದ ಕಡೆಯ ಹೆಂಗಸರೂ ಬಂದು ಸೇರುತ್ತಾರೆ. ಜ್ಞಾನೇಶ್ವರರು ವಿಠ್ಠಲನನ್ನು ‘ಕಾನಡಾ’ ಎಂದು ಕರೆದದ್ದು ‘ಕನ್ನಡಿಗ’ನೆಂಬ ಅರ್ಥದಲ್ಲೋ ‘ಅಗಮ್ಯ’ನೆಂಬ ಅರ್ಥದಲ್ಲೋ ಎಂದು ವಿದ್ವಾಂಸರು ವಾದಿಸಿದ್ದಾರೆ. ಭಾಲ್ಕಿಯ ಹೆಂಗಸರಿಗೆ ಆ ಸಂಶಯವಿಲ್ಲ. ಅವರು ಅವನೊಡನೆ ಕನ್ನಡದಲ್ಲೇ ಜಗಳವಾಡುತ್ತಾರೆ.

ನಡೆಯುವುದು ಎಪ್ಪತ್ತೆಂಬತ್ತು ಜನ. ಅವರ ಹಿಂದೆ ಒಂದು ಟ್ರ್ಯಾಕ್ಟರು, ಅದಕ್ಕೆ ಕಬ್ಬು ಸಾಗಿಸುವ ನಾಲ್ಕು ಗಾಲಿಯ ಟ್ರಾಲಿ. ಸುಗ್ಗಿ ಮುಗಿದ ಮೇಲೆ ಟ್ರಾಲಿಗೆ ಬಿದಿರಿನ ಕಮಾನು ಕಟ್ಟಿ, ತಾಡಪತ್ರಿ ಹೊದಿಸಿದರೆ ಅದೇ ಮನೆ. ಹಿಂಭಾಗದಲ್ಲಿ ಪಾತ್ರೆ, ಹಿಟ್ಟಿನ ಚೀಲ, ಗ್ಯಾಸಿನ ಸಿಲಿಂಡರು. ಮುಂಭಾಗದಲ್ಲಿ ಹಾಸಿಗೆಯ ಗಂಟುಗಳು. ಗಂಟುಗಳ ಮೇಲೆ ಕಾಲು ಬಾತ ಮುದುಕರು. ಅಮೆರಿಕದಲ್ಲಿ ರಜೆಗೆ ಹೊರಡುವ ಸಂಸಾರಗಳು ಕಾರಿನ ಹಿಂದೆ ಹಾಸಿಗೆ, ಒಲೆ, ದೀಪಗಳಿರುವ ಗಾಡಿಯನ್ನು ಕಟ್ಟಿಕೊಂಡು ಹೋಗುತ್ತವೆ. ಕಬ್ಬಿನ ಟ್ರಾಲಿ ಆ ಗಾಡಿಯ ಬಡ ಸಂಬಂಧಿ. ಎರಡಕ್ಕೂ ಕತ್ತಲಾದ ಮೇಲೆ ಎದುರಾಗುವ ಪ್ರಶ್ನೆ ಒಂದೇ.

ಆ ಪ್ರಶ್ನೆಗೆ ದಿಂಡಿ ಕಾಲಕ್ಕೊಂದು ಉತ್ತರ ಕಂಡುಕೊಂಡಿತ್ತು. ಮೊದಲು ಗ್ಯಾಸಬತ್ತಿ, ಅಂದರೆ ಪಂಪು ಹೊಡೆದು ಉರಿಸುವ ಪೆಟ್ರೋಮ್ಯಾಕ್ಸು. ಅದರ ಮ್ಯಾಂಟಲು ಟ್ರಾಲಿಯ ಕುಲುಕಾಟಕ್ಕೆ ಉದುರಿ ಬೂದಿಯಾಗುತ್ತಿತ್ತು. ಆಮೇಲೆ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎಳೆದ ಒಂದು ಬಲ್ಬು. ಬೆಳಗ್ಗೆ ಟ್ರ್ಯಾಕ್ಟರು ಸ್ಟಾರ್ಟ್ ಆಗದೆ ವಾರಕರಿಗಳೇ ಅದನ್ನು ತಳ್ಳಿದ ದಿನಗಳಿವೆ. ನಂತರ ಕೆಲವು ವರ್ಷ ಬಾಡಿಗೆಗೆ ತಂದ ಡೀಸೆಲ್ ಎಂಜಿನು, ಪಟ್ಟಿಯಿಂದ ಅದಕ್ಕೆ ಜೋಡಿಸಿದ ಆಲ್ಟರ್ನೇಟರು. ಅದು ಕಿರ್ಲೋಸ್ಕರ ಕಂಪನಿಯದು. ಆ ಹೆಸರನ್ನು ಮರಾಠಿಯ ಹೆಮ್ಮೆಯೆಂದು ಯಾರಾದರೂ ಹೇಳಿದರೆ ಕಾಕಾ ನಡುವೆ ಬಾಯಿ ಹಾಕುತ್ತಾರೆ. ಎಂಜಿನಿನ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ‘ಸಂಗೀತ ಶಾಕುಂತಲ’ವನ್ನು 1880ರಲ್ಲಿ ಪುಣೆಯ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಮರಾಠಿಯ ನಾಟಕವೂ ನೇಗಿಲೂ ಒಂದೇ ಕನ್ನಡ ಊರಿನ ಮಣ್ಣು ತುಳಿದು ಹೋದವು ಎಂಬುದು ಕಾಕಾರ ಪ್ರಿಯವಾದ ವಾದ. ಅದೇನೇ ಇರಲಿ, ಆ ಎಂಜಿನನ್ನು ಟ್ರಾಲಿಯಿಂದ ಇಳಿಸಲು ಆರು ಜನ ಬೇಕಿತ್ತು. ಆರು ಜನ ಪ್ರತಿ ಸಂಜೆ ಬೇಕಿತ್ತು. ಕೊನೆಕೊನೆಗೆ ಇಳಿಸುವುದನ್ನೇ ಬಿಟ್ಟರು. ಟ್ರಾಲಿಯ ಮೇಲೆಯೇ ಅದು ಗುಡುಗುತ್ತಿತ್ತು, ಪಕ್ಕದಲ್ಲಿ ಕೀರ್ತನಕಾರರ ಬುವಾ ಕೊರಳು ಹರಿದುಕೊಂಡು ಹಾಡುತ್ತಿದ್ದರು.

ಕೋವಿಡ್ಡಿನಿಂದ 2020 ಮತ್ತು 2021ರಲ್ಲಿ ಪಾದಯಾತ್ರೆ ನಿಂತಿತು. 2022ರಲ್ಲಿ ಮತ್ತೆ ಹೊರಡುವುದೆಂದಾದಾಗ ಉದಗೀರದ ಬೇಳೆ ವ್ಯಾಪಾರಿಯೊಬ್ಬರು ದಿಂಡಿಗೆ ಸ್ವಂತ ಮಷೀನು ಕೊಡಿಸುವ ಮಾತು ಕೊಟ್ಟರು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ 95ನೆಯ ಅಧಿವೇಶನ ಉದಗೀರದಲ್ಲೇ ನಡೆದಿತ್ತು. ಅಲ್ಲಿನ ಬೆಳಕಿನ ವೈಭವ ಶೇಟಜಿಯ ಕಣ್ಣಿನಲ್ಲಿ ಇನ್ನೂ ಆರಿರಲಿಲ್ಲ. ಸಾಹಿತ್ಯ ಸಮ್ಮೇಳನದಿಂದ ಒಬ್ಬೊಬ್ಬರು ಒಂದೊಂದನ್ನು ಒಯ್ಯುತ್ತಾರೆ. ಅವರು ಕಿಲೋವ್ಯಾಟುಗಳನ್ನು ಒಯ್ದಿದ್ದರು. ಅವರ ಅಪೇಕ್ಷೆ 5 ಕೆವಿಎ ಸಾಮರ್ಥ್ಯದ ಡೀಸೆಲ್ ಮಷೀನು, ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವಂಥದ್ದು. ಅದರ ಜೊತೆಗೆ ಟ್ರಾಲಿಯ ನೆತ್ತಿಯ ಮೇಲೆ ದೀಪಗಳಲ್ಲಿ ಮೂಡುವ ಒಂದು ಫಲಕ. ಫಲಕದಲ್ಲಿ ವಿಠ್ಠಲನ ಹೆಸರು, ಅದರ ಕೆಳಗೆ ಬೇಳೆಯ ಗಿರಣಿಯ ಹೆಸರು.

ನಿಲಂಗಾದ ಒಂದು ಗುಡಿಯ ಕಟ್ಟೆಯ ಮೇಲೆ ಸಭೆ ಕೂಡಿತು. ಕಾಕಾ ಹಳೆಯದೊಂದು ಲಗ್ನಪತ್ರಿಕೆಯ ಬೆನ್ನಿನ ಮೇಲೆ ಲೆಕ್ಕ ಬರೆದರು. 9 ವ್ಯಾಟಿನ ಎಲ್ಇಡಿ ಬಲ್ಬು ಹನ್ನೆರಡು: 108. ಮೊಬೈಲ್ ಚಾರ್ಜಿಂಗಿಗೆ ಇಪ್ಪತ್ತು ಸಾಕೆಟಿನ ಹಲಗೆ, ಒಂದಕ್ಕೆ ಹತ್ತರಂತೆ: 200. ಆಂಪ್ಲಿಫಾಯರು ಮತ್ತು ಎರಡು ಕರ್ಣಾ: 300 ಹಿಡಿಯೋಣ. ಒಟ್ಟು 608 ವ್ಯಾಟು. ಮಷೀನಿನ ಮೇಲೆ ಬರೆದ ಸಂಖ್ಯೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಹೇರಬಾರದು. ಕೆವಿಎ ಎಂದು ಬರೆದದ್ದೆಲ್ಲ ಕಿಲೋವ್ಯಾಟ್ ಆಗಿ ಕೈಗೆ ಬರುತ್ತದೆಂದೂ ನಂಬಬಾರದು. ಹಾಗೆ ನೋಡಿದರೂ 1 ಕೆವಿಎ ಆಸುಪಾಸಿನ ಸಣ್ಣ ಮಷೀನು ಸಾಕು. ಐದು ಎಲ್ಲಿ, ಒಂದು ಎಲ್ಲಿ! ಶೇಟಜಿಯ ಮುಖ ಸಣ್ಣದಾಯಿತು.

“ಮತ್ತ ಪಂಪ್ ಎಲ್ಲಿ ಬರದೀದಿ, ತಮ್ಮಾ?” ಎಂದು ಕೇಳಿದವಳು ಬಸವಕಲ್ಯಾಣದ ಕಡೆಯ ಮುದುಕಿ. ದಿಂಡಿಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಈಕೆಗೆ ಆಗ ಎಪ್ಪತ್ತರ ಮೇಲೆ ವಯಸ್ಸು.

ಪಂಪನ್ನು ಕಾಕಾ ಬೇಕೆಂದೇ ಬಿಟ್ಟಿದ್ದರು. ಅರ್ಧ ಎಚ್‌ಪಿಯ ನೀರಿನ ಮೋಟಾರು ತಿರುಗುತ್ತಿರುವಾಗ ಬೇಡುವುದು ಹೆಚ್ಚೇನಲ್ಲ. ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಮಾತ್ರ ಅದು ತನ್ನ ಸಾಮಾನ್ಯ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಆ ಒಂದು ಕ್ಷಣಕ್ಕಾಗಿ ಮಷೀನಿನ ಗಾತ್ರ ಎರಡು ಮೂರು ಪಟ್ಟಾಗಬೇಕು. ತೂಕ, ಪೆಟ್ರೋಲು, ಸದ್ದು ಎಲ್ಲವೂ ಅದರ ಬೆನ್ನು ಹತ್ತುತ್ತವೆ. ಕಾಕಾ ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದರು. ಆಯಿ ಅಷ್ಟೇ ತಾಳ್ಮೆಯಿಂದ ಕೇಳಿಸಿಕೊಂಡಳು.

“ಲೆಕ್ಕ ಛಂದ ಅದ. ಆದ್ರ ಪಂಪ್ ಇಲ್ಲಂದ್ರ ಬಾವಿಯಿಂದ ಕೊಡ ಹೊರೋರು ನಾವು. ಆ ಭಾರ ನಿನ್ನ ಕಾಗದದಾಗ ಎಲ್ಲಿ ಅದ?”

ಕಟ್ಟೆಯ ಮೇಲಿದ್ದ ಗಂಡಸರು ನಕ್ಕರು. ಕಾಕಾ ನಗಲಿಲ್ಲ. ಪತ್ರಿಕೆಯನ್ನು ಮಡಚಿ ಜೇಬಿನಲ್ಲಿಟ್ಟು, ನಾಳೆ ಹೇಳುತ್ತೇನೆ ಎಂದರು. ಮೂವತ್ತು ವರ್ಷ ಮೋಟಾರುಗಳನ್ನು ಅರಿತ ಮನುಷ್ಯನ ಲೆಕ್ಕದಲ್ಲಿ ದಿಂಡಿಯ ಅರ್ಧದಷ್ಟಿದ್ದ ಹೆಂಗಸರ ಸೊಂಟ ಬಿಟ್ಟುಹೋಗಿತ್ತು. ಲೆಕ್ಕ ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು. ಮರುದಿನ ಅವರು ತಂದ ಉಪಾಯ ಹೀಗಿತ್ತು: ಸಣ್ಣ ಮಷೀನು ಕೊಂಡರೆ ಉಳಿಯುವ ಹಣದಲ್ಲಿ 500 ಲೀಟರಿನ ಪ್ಲಾಸ್ಟಿಕ್ ಟಾಕಿ, ಅದಕ್ಕೆ ಮೂರು ನಲ್ಲಿ. ಟ್ರಾಲಿಯ ಹಿಂಭಾಗದಲ್ಲಿ ಎತ್ತರದ ಹಲಗೆಯ ಮೇಲೆ ಕೂರಿಸಿದರೆ ನೀರು ತಾನಾಗಿ ಇಳಿಯುತ್ತದೆ. ದಾರಿಯ ಊರುಗಳಲ್ಲಿ ಯಾರದಾದರೂ ಹೊಲದ ಮೋಟಾರು ನಡೆಯುತ್ತಿರುವಾಗಲೇ ಪೈಪು ಹಿಡಿದು ತುಂಬಿಸಿಕೊಳ್ಳಬೇಕು. ಅರ್ಧ ಟನ್ ನೀರಿನ ಭಾರ ಹೆಂಗಸರ ಸೊಂಟದಿಂದ ಟ್ರಾಲಿಯ ಗಾಲಿಗೆ ಹೋಯಿತು. ಫಲಕದ ಆಸೆಯನ್ನು ಶೇಟಜಿ ಬಿಡಲಿಲ್ಲ. ಟಾಕಿಯ ಮೇಲೆ ಬಣ್ಣದಲ್ಲಿ ಬರೆಸುವುದೆಂದು ತೀರ್ಮಾನವಾಯಿತು. ಬಣ್ಣಕ್ಕೆ ಕರೆಂಟು ಬೇಡ.

ಸೊಲ್ಲಾಪುರದ ಅಂಗಡಿಯಲ್ಲಿ ಮೂರು ಬಗೆಯ ಮಷೀನುಗಳಿದ್ದವು. ಒಂದು ಸೀಮೆಎಣ್ಣೆಯದು, ಪೆಟ್ರೋಲಿನಿಂದ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಹೊರಳಿಸುವಂಥದ್ದು. ಮರಾಠಿಯವರ ‘ರಾಕೆಲ್’, ಕನ್ನಡದವರ ‘ಚಿಮಣಿ ಎಣ್ಣಿ’ ಪಡಿತರದಲ್ಲಿ ಧಾರಾಳವಾಗಿ ಸಿಗುತ್ತಿದ್ದ ಕಾಲದ ಕೂಸು ಅದು. ಈಗ ಅದಕ್ಕೆ ಉಣಿಸುವವರಿಲ್ಲ. ಎರಡನೆಯದು ಪೈಪಿನ ಚೌಕಟ್ಟಿನೊಳಗೆ ಕುಳಿತ ಪೆಟ್ರೋಲ್ ಮಷೀನು, ನಲವತ್ತು ಕಿಲೋದ ಸುಮಾರು. ಇಂಥ ಮಷೀನುಗಳಲ್ಲಿ ಎಂಜಿನಿನ ವೇಗವೇ ಕರೆಂಟಿನ ಕಂಪನಾಂಕವನ್ನು ನಿರ್ಧರಿಸುತ್ತದೆ. ಎರಡು ಧ್ರುವದ ಆಲ್ಟರ್ನೇಟರಿನಿಂದ 50 ಹರ್ಟ್ಸ್ ಪಡೆಯಬೇಕಾದರೆ ಅದು ನಿಮಿಷಕ್ಕೆ 3000 ಸುತ್ತು ಸುತ್ತಲೇಬೇಕು. ಒಂದು ಬಲ್ಬು ಉರಿದರೂ ಅಷ್ಟೇ, ಹನ್ನೆರಡು ಉರಿದರೂ ಅಷ್ಟೇ. ಮೂರನೆಯದು ಇನ್ವರ್ಟರ್ ಜಾತಿಯದು. ಅದರೊಳಗೆ ಹುಟ್ಟಿದ ಕರೆಂಟನ್ನು ಮೊದಲು ನೇರ ಪ್ರವಾಹವಾಗಿ ಬದಲಿಸಿ, ಎಲೆಕ್ಟ್ರಾನಿಕ್ ವ್ಯವಸ್ಥೆಯ ಮೂಲಕ ಮತ್ತೆ ಶುದ್ಧವಾದ 50 ಹರ್ಟ್ಸ್ ಮಾಡುತ್ತಾರೆ. ಹಾಗಾಗಿ ಭಾರ ಕಡಿಮೆಯಿದ್ದಾಗ ಎಂಜಿನು ತನ್ನ ಓಟವನ್ನು ತಗ್ಗಿಸಿಕೊಳ್ಳಬಹುದು. ಸದ್ದೂ ಪೆಟ್ರೋಲಿನ ಖರ್ಚೂ ತಗ್ಗುತ್ತವೆ. ತೂಕ ಹದಿನೈದು ಕಿಲೋದೊಳಗೆ. ಬೆಲೆ ಮಾತ್ರ, ಗಾತ್ರಕ್ಕೆ ಹೋಲಿಸಿದರೆ, ಎದೆ ನಡುಗಿಸುವಂತಿತ್ತು.

ಕಾಕಾ ಸದ್ದನ್ನು ಕಿವಿಯಿಂದ ಪರೀಕ್ಷಿಸಿದರು, ತೂಕವನ್ನು ಬೇರೆಯವರಿಂದ. ಜೊತೆಗೆ ಬಂದಿದ್ದ ಇಬ್ಬರು ಹೆಂಗಸರಿಗೆ ಒಂದೊಂದಾಗಿ ಎತ್ತಿ ಅಂಗಡಿಯ ಬಾಗಿಲಿನ ತನಕ ಒಯ್ಯಲು ಹೇಳಿದರು. ಅಂಗಡಿಯವನಿಗೆ ಇದು ವಿಚಿತ್ರವೆನಿಸಿರಬೇಕು. ಕಿರ್ಲೋಸ್ಕರ ಎಂಜಿನನ್ನು ಟ್ರಾಲಿಯ ಮೇಲೆಯೇ ನಡೆಸಿದ ವರ್ಷಗಳನ್ನು ಕಾಕಾ ಮರೆತಿರಲಿಲ್ಲ. ಸಂಜೆಯ ದಣಿವಿನಲ್ಲಿ ಸುಲಭವಾಗಿ ಇಳಿಯದ ಮಷೀನು ಕೊನೆಗೆ ಇಳಿಯುವುದೇ ಇಲ್ಲ, ಮನುಷ್ಯರ ನಡುವೆಯೇ ಉಳಿದುಬಿಡುತ್ತದೆ. ಮೂರನೆಯದನ್ನು ಒಬ್ಬಳೇ ಒಂದು ಕೈಯಲ್ಲಿ ಹಿಡಿದು ಬಾಗಿಲು ದಾಟಿಸಿದಳು. ಅದನ್ನೇ ಕೊಂಡರು. ಜೊತೆಗೆ 2.5 ಚದರ ಮಿಲಿಮೀಟರಿನ ತಾಮ್ರದ ಕೇಬಲು, 40 ಮೀಟರ್. ಅಷ್ಟು ಉದ್ದವೇಕೆಂದು ಬುವಾ ಗೊಣಗಿದರು. ದೂರ ಹೋದಂತೆ ಕರೆಂಟು ಸೋರಿಹೋಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಈ ಭಾರಕ್ಕೆ ಆ ಕೇಬಲಿನಲ್ಲಿ ಕಳೆದುಹೋಗುವುದು ಸುಮಾರು ಎರಡು ವೋಲ್ಟು. 230ರಲ್ಲಿ ಎರಡು ಹೋದರೆ ಬಲ್ಬಿಗೆ ಗೊತ್ತೂ ಆಗುವುದಿಲ್ಲ. ದೂರ ಎರಡು ಪಟ್ಟಾದರೆ ಬಯಲಿನಲ್ಲಿ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ, ಅದು ಮಾತ್ರ ಬುವಾರ ಕೊರಳಿಗೆ ಗೊತ್ತಾಗುತ್ತದೆ. ಆ ಕೇಬಲು ಅಷ್ಟು ಉದ್ದವಾಗಿರಲು ಇನ್ನೊಂದು ಕಾರಣವಿತ್ತು. ಅದನ್ನು ಕಾಕಾ ಅಂಗಡಿಯಲ್ಲಿ ಹೇಳಲಿಲ್ಲ.

ಒಯ್ಯುವುದೂ ಒಂದು ವಿದ್ಯೆ. ಟ್ರ್ಯಾಕ್ಟರು ನಡೆಸುವ ಹುಡುಗನಿಗೆ ಕಾಕಾ ಅದನ್ನು ಉಮರ್ಗಾದಿಂದ ನಳದುರ್ಗದವರೆಗಿನ ದಾರಿಯಲ್ಲಿ ಪಾಠ ಹೇಳಿದಂತೆ ಹೇಳಿದರು. ಮಷೀನನ್ನು ಯಾವಾಗಲೂ ನೆಟ್ಟಗೆ ಇಡಬೇಕು. ಅಡ್ಡ ಮಲಗಿಸಿದರೆ ಎಂಜಿನಿನ ಆಯಿಲು ಗಾಳಿಯ ಫಿಲ್ಟರಿಗೆ ಹರಿದು ಮರುದಿನ ನೀಲಿ ಹೊಗೆ ಕಕ್ಕುತ್ತದೆ. ಹೊರಡುವ ಮುನ್ನ ಪೆಟ್ರೋಲಿನ ಕಾಕು ಮುಚ್ಚಬೇಕು, ಟಾಕಿಯ ಮುಚ್ಚಳದ ಗಾಳಿಗಿಂಡಿಯನ್ನೂ ತಿರುಗಿಸಿ ಮುಚ್ಚಬೇಕು. ಕೆಳಗೆ ಹಳೆಯ ಟೈರು, ಸುತ್ತ ಹಗ್ಗ. ಪೆಟ್ರೋಲು ಲೋಹದ ಕ್ಯಾನಿನಲ್ಲಿ ಮಾತ್ರ, ಅದೂ ಐದು ಲೀಟರಿಗಿಂತ ಹೆಚ್ಚಲ್ಲ. ದಿನಕ್ಕೆ ಮೂರು ತಾಸು ನಡೆದರೆ ಒಂದೂವರೆ ಲೀಟರು ಸಾಕು, ಹೆದ್ದಾರಿಯಲ್ಲಿ ಬಂಕುಗಳಿಗೆ ಬರವಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೇರದೆ ಟ್ರಾಲಿಯ ತಳದಲ್ಲಿ ನೀರಿನಂತೆ ಹರಡುತ್ತದೆ. ಆದ್ದರಿಂದ ಕ್ಯಾನಿನ ಜಾಗ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಬದಿಗೆ, ಸಿಲಿಂಡರಿನ ಹತ್ತಿರ ಎಂದಿಗೂ ಅಲ್ಲ. ಬಿಸಿ ಮಷೀನಿಗೆ ಪೆಟ್ರೋಲು ಸುರಿಯಬಾರದು. ಭಜನೆಯ ನಡುವೆ ದೀಪ ಆರಿದರೆ ಆರಲಿ, ಹತ್ತು ನಿಮಿಷ ತಣಿಯಲಿ.

ಹುಡುಗ ಎಲ್ಲಕ್ಕೂ ತಲೆಯಾಡಿಸಿದ. ಅವನಿಗೆ ಹಿಡಿಸಿದ್ದು ಹಗ್ಗ ಎಳೆದು ಸ್ಟಾರ್ಟ್ ಮಾಡುವುದೊಂದೇ.

ನಳದುರ್ಗದ ಆಚೆ ಒಂದು ಶಾಲೆಯಲ್ಲಿ ವಸತಿ. ಆ ಸಂಜೆ ಊರಿನಲ್ಲಿ ಕರೆಂಟು ಹೋಗಿತ್ತು. ಶಾಲೆಯ ಕೋಣೆಗಳಲ್ಲಿ ಫ್ಯಾನುಗಳಿದ್ದವು, ಬಲ್ಬುಗಳಿದ್ದವು. ಉತ್ಸಾಹಿಯಾದ ಒಬ್ಬ ತರುಣ ಎರಡೂ ತುದಿಗೆ ಪ್ಲಗ್ಗು ಕಟ್ಟಿದ ವೈರನ್ನು ತಯಾರಿಸಿಕೊಂಡು ಬಂದ. ಒಂದು ತುದಿ ಮಷೀನಿಗೆ, ಇನ್ನೊಂದು ಶಾಲೆಯ ಗೋಡೆಯ ಸಾಕೆಟಿಗೆ. ಇಡೀ ಶಾಲೆ ಬೆಳಗಿಬಿಡುತ್ತದೆ ಎಂಬುದು ಅವನ ಯೋಜನೆ. ಕಾಕಾ ಆ ವೈರನ್ನು ಅವನ ಕೈಯಿಂದ ತೆಗೆದುಕೊಂಡು ಕಟರಿನಿಂದ ನಡುವೆ ಕತ್ತರಿಸಿಬಿಟ್ಟರು. ಮೇನ್ ಸ್ವಿಚ್ಚು ತೆಗೆಯದೆ ಹೀಗೆ ಜೋಡಿಸಿದರೆ ಮಷೀನಿನ ಕರೆಂಟು ಶಾಲೆಯಲ್ಲಿ ನಿಲ್ಲದೆ ಕಂಬಕ್ಕೂ ಹೋಗುತ್ತದೆ. ಕಂಬದಿಂದ ಟ್ರಾನ್ಸ್‌ಫಾರ್ಮರಿಗೆ ಹಿಂದುಮುಂದಾಗಿ ಹೊಕ್ಕರೆ ಅಲ್ಲಿ 230 ವೋಲ್ಟು ಸಾವಿರಗಟ್ಟಲೆಯಾಗಿ ಏರುತ್ತದೆ. ಆಚೆ ಎಲ್ಲೋ ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ವಾಯರಮನ್ನನಿಗೆ ದಿಂಡಿಯ ಬೆಳಕಿನ ಸುದ್ದಿ ಗೊತ್ತಿರುವುದಿಲ್ಲ. ತರುಣ ಮುನಿಸಿಕೊಂಡ, ಆ ರಾತ್ರಿ ಅವನು ಊಟಕ್ಕೆ ಕುಳಿತದ್ದು ಕಾಕಾರಿಂದ ಬಹಳ ದೂರ.

ಸೊಲ್ಲಾಪುರ ದಾಟಿ ಮಂಗಳವೇಢೆಯ ದಾರಿ ಹಿಡಿದ ಮೇಲೆ ಮಳೆ ಸುರುವಾಯಿತು. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದ ಮಂಗಳವಾಡ ಇದೇ. ಚೋಖಾಮೇಳನ ಮೇಲೆ ಗೋಡೆ ಕುಸಿದುಬಿದ್ದದ್ದೂ ಇಲ್ಲೇ. ವಚನವನ್ನೂ ಅಭಂಗವನ್ನೂ ಓದುವವರಿಗೆ ಈ ದಾರಿಯ ಪ್ರತಿ ಮೈಲಿಗಲ್ಲೂ ಮಾತಾಡುತ್ತದೆ. ಆ ಸಂಜೆ ಯಾರಿಗೂ ಅದನ್ನು ಕೇಳಿಸಿಕೊಳ್ಳುವ ವ್ಯವಧಾನವಿರಲಿಲ್ಲ. ಊರು ಇನ್ನೂ ದೂರವಿತ್ತು, ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ರಸ್ತೆಯ ಬದಿಯ ಬಯಲಿನಲ್ಲಿ ಟ್ರಾಲಿ ನಿಂತಿತು. ಎರಡು ರಾಹುಟಿಗಳನ್ನು ಹೇಗೋ ಹೊಡೆದರು. ಮುದುಕರು, ಹೆಂಗಸರು ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಟ್ರಾಲಿಯೊಳಗೆ ಒತ್ತೊತ್ತಾಗಿ ಕುಳಿತರು. ತಾಡಪತ್ರಿಯನ್ನು ನಾಲ್ಕೂ ಕಡೆ ಎಳೆದು ಹಗ್ಗದಿಂದ ಬಿಗಿದರು.

ಮಷೀನು ಹೊರಗೆ ನೆನೆಯುವಂತಿರಲಿಲ್ಲ. ನೀರು ಬಿದ್ದರೆ ಕೆಡುತ್ತದೆ, ಶಾಕು ಹೊಡೆಯುತ್ತದೆ. ಇದನ್ನು ಹೇಳಿಕೊಟ್ಟವರು ಕಾಕಾರೇ. ಹುಡುಗ ಅದನ್ನೆತ್ತಿಕೊಂಡು ಟ್ರಾಲಿಯ ಹಿಂಬಾಗಿಲಿಗೆ ಬಂದ.

“ಕಾಕಾ, ಮಳಿ ಭಾಳ ಬರ್ಲತದ್ರಿ. ಮಷೀನ್ ಒಳಗ ಮೂಲ್ಯಾಗ ಇಡತೀನಿ. ಒಂದೀಟು ಲೈಟ್ ಆಗ್ತದ, ಮಂದಿ ಫೋನ್ ಚಾರ್ಜ್ ಮಾಡ್ಕೋತಾರ.”

“ಬ್ಯಾಡ.”

“ಹೊಗಿ ಹೊರಗ ಹೋಗಲಿಕ್ಕಿ ತಾಡಪತ್ರಿ ಸ್ವಲ್ಪ ಎತ್ತಿರತೀನ್ರಿ.”

“ಬ್ಯಾಡಂದ್ನೆಲ್ಲ. ಟ್ರ್ಯಾಕ್ಟರ್ ಸೀಟಿನ ಕೆಳಗ ಇಡು. ಇವತ್ತು ಮಷೀನ್ ಇಲ್ಲ.”

ಬುವಾ ಮರಾಠಿಯಲ್ಲಿ ಸಿಟ್ಟಾದರು. ಅಷ್ಟು ಹಣ ಸುರಿದು ತಂದದ್ದು ಇಂಥ ರಾತ್ರಿಗಾಗಿಯೇ ಅಲ್ಲವೆ? ಒಣಗಿದ ರಾತ್ರಿಯಲ್ಲಿ ಉರಿಯುವುದಕ್ಕೆ ಚಂದ್ರನೂ ಇದ್ದಾನೆ. ಮೊಬೈಲು ಸತ್ತು ಎರಡು ದಿನವಾಗಿತ್ತು. ಮನೆಯವರು ಮಳೆಯ ಸುದ್ದಿ ಕೇಳಿ ಗಾಬರಿಯಾಗಿರುತ್ತಾರೆ ಎಂದು ಹಲವರು ದನಿಗೂಡಿಸಿದರು. ನಳದುರ್ಗದ ತರುಣನಿಗೆ ಇದು ಒಳ್ಳೆಯ ಸಮಯ. ಮುದುಕನಿಗೆ ಮಷೀನು ಉರಿಸುವುದಕ್ಕಿಂತ ಕಾಯುವುದೇ ಇಷ್ಟ ಎಂದ. ಅವರೆಲ್ಲರ ಮಾತಿನಲ್ಲೂ ತಕ್ಕಮಟ್ಟಿನ ನ್ಯಾಯವಿತ್ತು. ಕಾಕಾ ಉತ್ತರ ಕೊಡಲಿಲ್ಲ. ಹುಡುಗನ ಕೈಯಿಂದ ಮಷೀನು ತೆಗೆದುಕೊಂಡು, ಟ್ರ್ಯಾಕ್ಟರಿನ ಸೀಟಿನ ಕೆಳಗೆ ಸೇರಿಸಿ, ಗೊಬ್ಬರದ ಚೀಲ ಹೊದಿಸಿದರು. ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿಗೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಇದು ಅವಮಾನ, ಹುಡುಗನಿಗೂ, ಬುವಾರಿಗೂ.

ಕತ್ತಲಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೆಂಗಸರು ಹರಿಪಾಠ ಸುರು ಮಾಡಿದರು. ಮೈಕಿಲ್ಲ, ಕರ್ಣಾ ಇಲ್ಲ. ತಾಡಪತ್ರಿಯ ಮೇಲೆ ಮಳೆಯ ಸದ್ದು, ಕೆಳಗೆ ಒಂದೇ ಜೋಡಿ ತಾಳ. ಕೆಲವರು ನಿದ್ದೆ ಹೋದರು. ಹಿಂಬಾಗಿಲಿನ ಬಳಿ ಕುಳಿತಿದ್ದ ಕಾಕಾರ ಪಕ್ಕಕ್ಕೆ ಆಯಿ ಸರಿದು ಬಂದಳು.

“ತಮ್ಮಾ, ಮಂದಿ ಮುಂದ ಹೇಳಲಾರದ್ದು ಏನೋ ಅದ. ಹೌದಿಲ್ಲೋ?”

ಆಗ ಕಾಕಾ ಹೇಳಿದರು, ಕನ್ನಡದಲ್ಲಿ, ಬುವಾರಿಗೆ ಕೇಳಿಸದಷ್ಟು ಮೆಲ್ಲಗೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ನಡೆದಾಗ ಉಮರ್ಗಾ ತಾಲೂಕಿನ ಹಳ್ಳಿಗಳೂ ನೆಲ ಹಿಡಿದವು. ಕಲ್ಲು ಮಣ್ಣಿನ ದಪ್ಪ ಗೋಡೆಗಳ ಕೆಳಗೆ ಜನ ಸತ್ತರು. ಅದರ ನಂತರ ಆ ಭಾಗದಲ್ಲಿ ಗೋಡೆಯೆಂದರೇ ಹೆದರಿಕೆ. ಎಲ್ಲೆಲ್ಲೂ ಪತ್ರಾ ಶೆಡ್ಡುಗಳು ಎದ್ದವು. ಕಾಕಾರ ವೈಂಡಿಂಗ್ ಅಂಗಡಿಯೂ ಪತ್ರಾದ್ದೇ. 2006ರ ಮಳೆಗಾಲ, ಭಾರನಿಯಮನದ ದಿನಗಳು. ಅವರ ಹೆಂಡತಿಯ ತಮ್ಮ ಹತ್ತೊಂಬತ್ತು ವರ್ಷದವನು, ಕೆಲಸ ಕಲಿಯುತ್ತಿದ್ದ, ಅಂಗಡಿಯಲ್ಲೇ ಮಲಗುತ್ತಿದ್ದ. ಬೆಳಗಿನೊಳಗೆ ಯಾರದೋ ಮೋಟಾರು ಕೊಡಬೇಕಿತ್ತು. ಮಳೆ ಒಳಗೆ ಹೊಡೆಯುತ್ತದೆಂದು ಪತ್ರಾದ ಸಂದಿಗಳಿಗೆ ಗೋಣಿಚೀಲ ತುರುಕಿದ, ಶಟರು ಎಳೆದ, ಬಾಡಿಗೆಯ ಸಣ್ಣ ಜನರೇಟರನ್ನು ಮೂಲೆಯಲ್ಲಿಟ್ಟು ಹಚ್ಚಿಕೊಂಡ.

“ಮುಂಜಾನಿ ಶಟರ್ ಎತ್ತಿದ್ರ ನಿದ್ದಿ ಮಾಡಿದ್ಹಂಗೇ ಇದ್ದ, ಆಯಿ. ಎಣ್ಣಿ ತೀರಿ ಮಷೀನ್ ನಿಂತಿತ್ತು. ಸುತ್ತಿದ ಮೋಟಾರ್ ಬಾಜೂಕ ಇತ್ತು. ಕೆಲಸ ಪೂರಾ ಮಾಡಿದ್ದ.”

ಹೊಗೆಯ ವಾಸನೆಗೆ ಕಿಟಕಿ ತೆರೆಯಬಹುದು, ಕೆಮ್ಮು ಬಂದರೆ ಹೊರಗೆ ಓಡಬಹುದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವಿನಿಂದ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ದಿನವಿಡೀ ನಡೆದು ದಣಿದವರಿಗೆ ಇವು ಮೂರೂ ದಣಿವಿನ ಲಕ್ಷಣಗಳಂತೆಯೇ ಕಾಣುತ್ತವೆ. ತಾಡಪತ್ರಿಯನ್ನು ಒಂದು ಗೇಣು ಎತ್ತಿ ಹಿಡಿದರೆ ಅದು ಹೊರಟುಹೋಗುತ್ತದೆ ಎಂಬ ಭರವಸೆಯಿಲ್ಲ. ಗಾಳಿಯ ದಿಕ್ಕು ತಿರುಗಿದರೆ ಅದೇ ಸಂದಿಯಿಂದ ಒಳಗೆ ಬರುತ್ತದೆ. ನಲವತ್ತು ಮೀಟರಿನ ಕೇಬಲು ಕೊಂಡದ್ದು ಬುವಾರ ಕೊರಳಿಗಾಗಿ ಮಾತ್ರವಲ್ಲ ಎಂಬುದು ಆಯಿಗೆ ಆಗ ತಿಳಿಯಿತು.

“ಇದನ್ನ ಅವರಿಗೂ ಹೇಳಬೇಕಿತ್ತು.”

“ಹೇಳಿದ್ರ, ಅಂವನ ಹೆಸರು ಎಲ್ಲಾರ ಬಾಯಾಗ ಬರ್ತದ. ಮನಿಯಾಕಿ ಕಿವಿಗೆ ಬೀಳ್ತದ. ಆಕಿ ಹದಿನಾರು ವರ್ಷದಿಂದ ಆ ಅಂಗಡಿ ಮುಂದ ಹಾದು ಹೋಗಿಲ್ಲ.”

ಆಯಿ ಬೇರೇನೂ ಕೇಳಲಿಲ್ಲ. ತನ್ನ ಕಂಬಳಿಯ ಅರ್ಧವನ್ನು ಅವರ ಕಾಲ ಮೇಲೆ ಹಾಕಿದಳು.

ಬೆಳಗ್ಗೆ ಮಳೆ ನಿಂತಿತ್ತು. ಎಲ್ಲರೂ ಎದ್ದರು, ಎಲ್ಲರಿಗೂ ಹಸಿವಾಗಿತ್ತು, ಎಲ್ಲರೂ ಸಿಟ್ಟಿನಲ್ಲಿದ್ದರು. ಏನೂ ಆಗಿರಲಿಲ್ಲವಾದ್ದರಿಂದ ಕಾಕಾ ಸರಿ ಎಂದು ತೋರಿಸುವ ಸಾಕ್ಷ್ಯವೂ ಇರಲಿಲ್ಲ. ಇಂಥ ನಿರ್ಧಾರಗಳ ತೊಂದರೆಯೇ ಇದು: ಫಲಿಸಿದರೆ ಕಾಣುವುದಿಲ್ಲ. ಬುವಾ ಮುಂದಿನ ಎರಡು ದಿನ ಅವರೊಡನೆ ಮಾತಾಡಲಿಲ್ಲ. ಹುಡುಗ ಮಾತ್ರ ಚಹಾದ ಹೊತ್ತಿಗೆ ಬಂದು, ಪ್ಲಗ್ಗಿನ ಟೊಪ್ಪಿಗೆ ಕೊಡಿರೆಂದು ಕೈ ಚಾಚಿದ. ಆಯಿ ಅವನಿಗೆ ಎಷ್ಟು ಹೇಳಿದ್ದಳೋ, ಏನು ಹೇಳಿದ್ದಳೋ; ಅವನು ಕಾಕಾರ ಮುಖ ನೋಡಲಿಲ್ಲ.

ಮಂಗಳವೇಢೆಯಲ್ಲಿ ಒಂದು ಹಳೆಯ ಪತ್ರಾದ ಹಾಳೆ, ನಾಲ್ಕು ಬಡಿಗೆ ಸಿಕ್ಕವು. ಹುಡುಗ ಮತ್ತು ಕಾಕಾ ಸೇರಿ ಸೊಂಟದೆತ್ತರದ ಚಪ್ಪರ ಮಾಡಿದರು. ನಾಲ್ಕೂ ಬದಿ ತೆರೆದದ್ದು, ನೆತ್ತಿಗೆ ಮಾತ್ರ ಮರೆ; ಮಷೀನು ನೆಲದ ನೀರಿಗೆ ತಾಕದಂತೆ ಕೆಳಗೆ ಎರಡು ಇಟ್ಟಿಗೆ. ಮಡಚಿ ಟ್ರಾಲಿಯ ಬದಿಗೆ ಕಟ್ಟಬಹುದಾಗಿತ್ತು. ಇದನ್ನು ಮೊದಲೇ ಮಾಡಿಕೊಳ್ಳದೆ ಹೊರಟದ್ದು ಕಾಕಾರದೇ ತಪ್ಪು. ಅವರು ಹಾಗೆಂದು ಬುವಾರ ಎದುರು ಒಪ್ಪಿಕೊಂಡರು. ಆ ಸಂಜೆ ಮತ್ತೆ ಹನಿ ಬಿದ್ದವು. ಗಾಳಿ ಎತ್ತ ಬೀಸುತ್ತಿದೆ ಎಂದು ಹುಡುಗ ಒಂದು ಹಿಡಿ ಹೊಟ್ಟು ತೂರಿ ನೋಡಿದ, ಅದು ಹಾರಿದ ಕಡೆಗೆ ಹೆಜ್ಜೆ ಎಣಿಸುತ್ತ ಹೋಗಿ ಚಪ್ಪರ ನಿಲ್ಲಿಸಿದ. ಟ್ರಾಲಿಯೊಳಗೆ ಬೆಳಕಾಯಿತು. ಇಪ್ಪತ್ತು ಸಾಕೆಟುಗಳಿಗೆ ಮೂವತ್ತು ಫೋನುಗಳು ಜಗಳವಾಡಿದವು.

ಜುಲೈ 10ರ ಏಕಾದಶಿ ಮುಗಿದು, ದಿಂಡಿ ಊರಿಗೆ ಮರಳಿದ ಮೇಲೆ ಮಷೀನನ್ನು ಉಮರ್ಗಾದಲ್ಲಿ ಇಳಿಸಿದರು. ಪೆಟ್ರೋಲು ಒಳಗೇ ಉಳಿದರೆ ವರ್ಷದೊಳಗೆ ಅಂಟಾಗಿ ಕಾರ್ಬ್ಯುರೇಟರಿನ ಕಿರುರಂಧ್ರಗಳನ್ನು ಮುಚ್ಚಿಬಿಡುತ್ತದೆ. ಕಾಕಾ ಟಾಕಿಯನ್ನು ಬರಿದು ಮಾಡಿ, ಕಾರ್ಬ್ಯುರೇಟರಿನ ತಳದ ಸ್ಕ್ರೂ ಸಡಿಲಿಸಿ ಕೊನೆಯ ಹನಿಯನ್ನೂ ಇಳಿಸಿದರು. ಆಯಿಲು ಬದಲಿಸಿ ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದರು. ಸಿಕ್ಕ ಪೆಟ್ರೋಲು ಅರ್ಧ ಲೀಟರಿನ ಮೇಲಿತ್ತು. ಹುಡುಗನ ಮೋಟಾರು ಸೈಕಲ್ಲಿನ ಟಾಕಿಗೆ ಅದನ್ನು ಬಟ್ಟೆಯಲ್ಲಿ ಸೋಸಿ ಹಾಕಿದರು. ಉದಗೀರದವರೆಗೆ ಸಾಲುವುದಿಲ್ಲ, ನಿಲಂಗಾದ ಬಂಕಿನಲ್ಲಿ ಹಾಕಿಸಿಕೋ ಎಂದರು.